ಹಾರಿದ ಮನೆ, ಇಳಿದ ಹೊರೆ

ಮಕ್ಕಳ ಚಿತ್ರವೆಂದರೆ ಹಿರಿಯರು ಮಕ್ಕಳ ಕೈಹಿಡಿದು ಕರೆದೊಯ್ದು, ತಾವು ಆಕಳಿಸುತ್ತ ಕುಳಿತು ಮರಳಿ ಕರೆತರಬೇಕಾದ ಒಂದು ಸಂಸಾರಧರ್ಮವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. 2009ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಿಂದ ಹೊರಬಂದ, ಪೀಟ್ ಡಾಕ್ಟರ್ ನಿರ್ದೇಶಿಸಿದ ‘ಅಪ್’ ಎಂಬ ಅನಿಮೇಷನ್ ಚಿತ್ರವು ಈ ಭಾವನೆಯನ್ನು ತಲೆಕೆಳಗು ಮಾಡುವಂಥದು. ಇಲ್ಲಿ ಮಕ್ಕಳು ನಗುತ್ತಿರುವಾಗ ಹಿರಿಯರು ಕತ್ತಲಲ್ಲಿ ಕಣ್ಣೊರಸಿಕೊಳ್ಳುತ್ತಾರೆ. ಆ ವರ್ಷದ ಕ್ಯಾನ್ ಚಿತ್ರೋತ್ಸವವು ಈ ಚಿತ್ರದಿಂದಲೇ ಆರಂಭವಾಯಿತು. ಅನಿಮೇಷನ್ ಚಿತ್ರಕ್ಕೆ ಆ ಗೌರವ ದೊರೆತದ್ದು ಅದೇ ಮೊದಲು. ಮರುವರ್ಷ ಶ್ರೇಷ್ಠ ಅನಿಮೇಷನ್ ಚಿತ್ರ ಹಾಗೂ ಶ್ರೇಷ್ಠ ಸಂಗೀತಕ್ಕಾಗಿ ಎರಡು ಆಸ್ಕರ್ ಪ್ರಶಸ್ತಿಗಳೂ ಸಂದವು. ಪ್ರಶಸ್ತಿಗಳ ಮಾತು ಅಷ್ಟಕ್ಕಿರಲಿ. ಚಿತ್ರದ ಗುಣವೆಲ್ಲಿ, ದೋಷವೆಲ್ಲಿ ಎಂಬುದನ್ನು ನೋಡೋಣ.

ಕಥಾನಾಯಕ ಕಾರ್ಲ್ ಎಪ್ಪತ್ತೆಂಟರ ವೃದ್ಧ. ಬಲೂನು ಮಾರಿ ಬದುಕಿದವನು. ಬಾಲ್ಯದ ಗೆಳತಿ ಎಲೀಯನ್ನೇ ವರಿಸಿದವನು. ದಕ್ಷಿಣ ಅಮೆರಿಕದ ಒಂದು ಮಹಾಜಲಪಾತದ ಮೇಲೆ ಮನೆ ಮಾಡಿಕೊಳ್ಳಬೇಕೆಂಬುದು ಇಬ್ಬರ ಎಳೆವಯಸ್ಸಿನ ಕನಸು. ಅವರ ದಾಂಪತ್ಯದ ಕಥೆಯನ್ನು ಚಿತ್ರವು ಸುಮಾರು ನಾಲ್ಕು ನಿಮಿಷಗಳಲ್ಲಿ, ಒಂದೇ ಒಂದು ಮಾತಿಲ್ಲದೆ, ಮೈಕಲ್ ಜಿಯಾಕೀನೋ ಅವರ ಸಂಗೀತವೊಂದರ ಆಸರೆಯಿಂದ ಹೇಳಿ ಮುಗಿಸುತ್ತದೆ. ಯಾತ್ರೆಗೆಂದು ಗಾಜಿನ ಭರಣಿಯಲ್ಲಿ ಕಾಸು ಕೂಡಿಡುತ್ತಾರೆ. ಕಾರಿನ ಚಕ್ರ ಒಡೆದಾಗ, ಕಾಲು ಮುರಿದಾಗ, ಮನೆಯ ಮೇಲೆ ಮರ ಉರುಳಿದಾಗ ಆ ಭರಣಿಯನ್ನೇ ಒಡೆಯಬೇಕಾಗುತ್ತದೆ. ತಿಂಗಳ ಸಂಬಳದಲ್ಲಿ ಬದುಕುವ ಯಾವ ಗೃಹಸ್ಥನಿಗೆ ಈ ಭರಣಿಯ ಪರಿಚಯವಿಲ್ಲ? ಮಕ್ಕಳಾಗುವುದಿಲ್ಲವೆಂಬ ಸುದ್ದಿಯನ್ನು ಕೇಳುವ ದೃಶ್ಯದಲ್ಲಿಯೂ ಮಾತಿಲ್ಲ. ತಗ್ಗಿದ ಒಂದು ತಲೆ, ಅದರ ಬಳಿ ನಿಂತ ಗಂಡ, ಅಷ್ಟೆ. ಎಳೆಯರಿಗೆ ಅದು ಅರ್ಥವಾಗದೆ ದಾಟಿಹೋಗುತ್ತದೆ, ಬಲ್ಲವರಿಗೆ ನಾಟುತ್ತದೆ. ಕರುಣರಸವು ವಾಚ್ಯವಾಗದೆ ಧ್ವನಿಯಾದಾಗಲೇ ಹೃದಯವನ್ನು ಮುಟ್ಟುತ್ತದೆಂಬ ನಮ್ಮ ಆಲಂಕಾರಿಕರ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಎಲೀ ಗತಿಸಿದ ಮೇಲೆ ವೃದ್ಧಾಶ್ರಮಕ್ಕೆ ಹೋಗಬೇಕಾದ ಸಂದರ್ಭ ಬಂದಾಗ, ಕಾರ್ಲ್ ಮನೆಗೆ ಸಾವಿರಾರು ಬಲೂನುಗಳನ್ನು ಕಟ್ಟಿ ಮನೆಸಹಿತ ಆಕಾಶಕ್ಕೇರುತ್ತಾನೆ. ಜಗಲಿಯಲ್ಲಿ ಸಿಕ್ಕಿಕೊಂಡಿದ್ದ ರಸಲ್ ಎಂಬ ವಾಚಾಳಿ ಬಾಲಕನೂ ಜತೆಯಾಗುತ್ತಾನೆ. ಹಾರುವ ಮನೆ ಬೇಗನೆ ಎಳೆಯುವ ಮನೆಯಾಗುತ್ತದೆ: ಬಂಡೆಗಳ ನಡುವೆ ಮುದುಕನೂ ಹುಡುಗನೂ ಅದನ್ನು ಹೆಗಲಿಗೆ ಬಿಗಿದುಕೊಂಡು ನಡೆಯಬೇಕು. ಸತ್ತವರ ನೆನಪು ಮೊದಲು ನಮ್ಮನ್ನು ಎತ್ತಿ ಹಿಡಿಯುತ್ತದೆ, ಬಳಿಕ ಹೊರೆಯಾಗುತ್ತದೆ ಎಂಬುದನ್ನು ಉಪದೇಶದ ಸೋಂಕಿಲ್ಲದೆ ಹೇಳಿದ ಈ ಕಲ್ಪನೆ ಚಿತ್ರದ ಜೀವಾಳ. ಮನೆಗೆ ಬೆಂಕಿ ಬಿದ್ದಾಗ, ಕಾಪಾಡುವೆನೆಂದು ಮಾತು ಕೊಟ್ಟ ಹಕ್ಕಿಯನ್ನು ಕೈಬಿಟ್ಟು ಕಾರ್ಲ್ ಮನೆಯ ಕಡೆಗೆ ಓಡುತ್ತಾನೆ. ಸತ್ತವಳಿಗೆ ಕೊಟ್ಟ ಮಾತು ದೊಡ್ಡದೋ, ಬದುಕಿರುವವರಿಗೆ ಕೊಟ್ಟದ್ದೋ? ಇದೇ ಚಿತ್ರದ ನಿಜವಾದ ಪ್ರಶ್ನೆ. ಉತ್ತರವನ್ನು ಎಲೀಯೇ ಕೊಡುತ್ತಾಳೆ. ಮುಂದಿನ ಸಾಹಸಗಳಿಗೆಂದು ಬರಿದಾಗಿ ಬಿಟ್ಟಿದ್ದಳೆಂದು ಅವನು ನಂಬಿದ್ದ ಪುಸ್ತಕದ ಹಾಳೆಗಳಲ್ಲಿ ಅವಳು ಅಂಟಿಸಿದ್ದುದು ತಮ್ಮ ಸಾಮಾನ್ಯ ಸಂಸಾರದ ಭಾವಚಿತ್ರಗಳನ್ನು. ಆಮೇಲೆ ಅವನು ಕುರ್ಚಿ ಮೇಜುಗಳನ್ನೆಲ್ಲ ಹೊರಗೆಸೆದು, ಹಗುರಾದ ಮನೆಯಲ್ಲಿ ಹುಡುಗನನ್ನು ಬಿಡಿಸಲು ಹೊರಡುತ್ತಾನೆ.

ಇಷ್ಟು ಎತ್ತರಕ್ಕೇರಿದ ಚಿತ್ರವು ಖಳನಾಯಕನ ವಿಷಯದಲ್ಲಿ ಮಾತ್ರ ನೆಲಕ್ಕಿಳಿಯುತ್ತದೆ. ಮಂಟ್ಜ್ ಎಂಬ ಅನ್ವೇಷಕ ಕಾರ್ಲನ ಬಾಲ್ಯದ ಆರಾಧ್ಯಮೂರ್ತಿ. ಸುಳ್ಳುಗಾರನೆಂಬ ಅಪವಾದವನ್ನು ತೊಡೆಯಲು ಒಂದು ಹಕ್ಕಿಯ ಬೆನ್ನುಹತ್ತಿ, ಕಾಡಿನಲ್ಲಿಯೇ ಆಯುಷ್ಯ ಸವೆಸಿದವನು. ಹಿಂದಿನದನ್ನು ಬಿಡಲಾರದೆ ಬದುಕಿದ ಇವನು ಕಾರ್ಲನದೇ ಪ್ರತಿಬಿಂಬವಲ್ಲವೆ? ಆದರೆ ಚಿತ್ರವು ಆ ದಾರಿಯನ್ನು ಹಿಡಿಯದೆ, ಅವನ ಕೈಗೆ ಕತ್ತಿ ಕೊಟ್ಟು, ಅಟ್ಟಾಡಿಸಿ, ಕೊನೆಗೆ ಆಕಾಶದಿಂದ ಬೀಳಿಸಿ ಕೈತೊಳೆದುಕೊಳ್ಳುತ್ತದೆ. ತೊಂಬತ್ತರ ಆಸುಪಾಸಿನಲ್ಲಿರಬೇಕಾದ ಅವನ ಚುರುಕು ಒಂದು ಕಡೆ, ವಿಮಾನ ನಡೆಸುವ ನಾಯಿಗಳು ಇನ್ನೊಂದು ಕಡೆ. ಬಲೂನಿನಿಂದ ಮನೆ ಹಾರುವುದೂ ಅಸಂಭವವೇ. ಆದರೆ ಅದಕ್ಕೆ ಭಾವದ ಆಧಾರವಿದೆ, ಇವಕ್ಕಿಲ್ಲ. ಔಚಿತ್ಯ ಕೆಡುವುದು ಇಲ್ಲಿಯೇ. ಒಬ್ಬ ಮುದುಕನಿಗೆ ತೋರಿದ ಮರುಕದ ಒಂದು ತುಣುಕನ್ನು ಇನ್ನೊಬ್ಬನಿಗೂ ತೋರಿದ್ದರೆ ಕಥೆ ಪೂರ್ಣವಾಗುತ್ತಿತ್ತು.

ಆದರೂ ಈ ಕುಂದು ಚಿತ್ರವನ್ನು ಮುಳುಗಿಸುವಷ್ಟು ಭಾರವಾದುದಲ್ಲ. ತೊಂಬತ್ತಾರು ನಿಮಿಷಗಳ ಈ ಚಿತ್ರವನ್ನು ಮಕ್ಕಳೊಡನೆ ನೋಡಿರಿ. ಮನೆಯಲ್ಲಿ ಅಜ್ಜ ಅಜ್ಜಿಯರಿದ್ದರೆ ಅವರನ್ನೂ ಜತೆಯಲ್ಲಿ ಕೂಡಿಸಿಕೊಳ್ಳಿರಿ. ಮಾತನಾಡುವ ನಾಯಿಯ ವಿಷಯವನ್ನು ಮಕ್ಕಳು ತಾವಾಗಿಯೇ ಹೇಳುತ್ತಾರೆ. ಅಜ್ಜನಿಗೆ ಏನು ಹಿಡಿಸಿತೆಂಬುದನ್ನು ಮಾತ್ರ ನೀವಾಗಿಯೇ ಕೇಳಬೇಕು.