ಲಾರಿ ಹೊರಡುವ ಮುನ್ನವೇ ಲೆಕ್ಕ ಮುಗಿಯಲಿ

ಬೆಂಗಳೂರಿನಿಂದ ಚೆನ್ನೈಗೆ ಸುಮಾರು 350 ಕಿಲೋಮೀಟರ್. ಲಾರಿಗೆ ಒಂದು ರಾತ್ರಿಯ ದಾರಿ. ಆ ಒಂದು ರಾತ್ರಿಯಲ್ಲಿ ಹದಿನೆಂಟೂವರೆ ಸಾವಿರಕ್ಕೆ ಆದ ಮಾತು ಮೂವತ್ತೊಂದು ಸಾವಿರ ದಾಟುವುದು ಹೇಗೆ? ಏಳು ವರ್ಷಗಳಿಂದ ಶೋಳಿಂಗನಲ್ಲೂರಿನಲ್ಲಿರುವ ನಾನು ಈ ಪ್ರಶ್ನೆಯನ್ನು ಬಹಳ ಜನರ ಬಾಯಲ್ಲಿ ಕೇಳಿದ್ದೇನೆ. ಇಲ್ಲಿನ ಎಲ್ಕಾಟ್ ವಿಶೇಷ ಆರ್ಥಿಕ ವಲಯ, ಓಎಂಆರ್ ಉದ್ದಕ್ಕೂ ಇರುವ ಸಾಫ್ಟ್‌ವೇರ್ ಕಂಪನಿಗಳು, ಸಿರುಸೇರಿಯ ಸಿಪ್ಕಾಟ್ ಇವುಗಳಿಂದಾಗಿ ಕನ್ನಡಿಗರು ಬರುತ್ತಲೇ ಇರುತ್ತಾರೆ, ಹೋಗುತ್ತಲೂ ಇರುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘದ ಸಮಿತಿಯಲ್ಲಿ ಎರಡು ವರ್ಷ ಇದ್ದೆ. ಗೇಟಿನ ಬಳಿ ಲಾರಿಯವರಿಗೂ ಮನೆಯವರಿಗೂ ನಡೆಯುವ ಜಗಳ ಬಿಡಿಸುವುದು ಆ ಕೆಲಸದ ಒಂದು ಭಾಗವೇ ಆಗಿತ್ತು.

ಹುಬ್ಬಳ್ಳಿ ಕಡೆಯ ಒಂದು ದಂಪತಿಯ ಲೆಕ್ಕವನ್ನೇ ನೋಡಿ. ಬೆಂಗಳೂರಿನಲ್ಲಿ ಫೋನಿನಲ್ಲೇ ಒಪ್ಪಿದ ದರ 18,500 ರೂಪಾಯಿ. ಇಲ್ಲಿಗೆ ಬಂದ ಮೇಲೆ ಅದಕ್ಕೆ ಶೇ 18ರ ಜಿಎಸ್‌ಟಿ 3,330 ಸೇರಿತು. ಸಾಮಾನಿನ ಮೌಲ್ಯ ಎರಡು ಲಕ್ಷ ಎಂದು ಬರೆದುಕೊಂಡು ಅದರ ಶೇ 3ರಷ್ಟು ‘ವಿಮೆ’ ಎಂದು 6,000. ದೊಡ್ಡ ಲಾರಿ ನಮ್ಮ ಓಣಿಗೆ ಬರುವುದಿಲ್ಲ ಎಂದು ಮುಖ್ಯರಸ್ತೆಯಿಂದ ಸಣ್ಣ ಗಾಡಿಗೆ 2,500. ನಾಲ್ಕನೇ ಮಹಡಿ ಎಂದು 1,500. ಒಟ್ಟು 31,830. ಆಗ ರಾತ್ರಿ ಒಂಬತ್ತೂವರೆ. ಹಾಸಿಗೆ, ಗ್ಯಾಸ್ ಸ್ಟೌ, ಮಗುವಿನ ಬಟ್ಟೆ ಎಲ್ಲವೂ ಲಾರಿಯೊಳಗೆ. ಅವರು ಕೊಟ್ಟರು. ಆ ಹೊತ್ತಿನಲ್ಲಿ ಯಾರಾದರೂ ಕೊಡುತ್ತಾರೆ.

ಇದರಲ್ಲಿ ಒಂದೇ ಒಂದು ಖರ್ಚೂ ಕಂಪನಿಯವರಿಗೆ ಹೊಸದಲ್ಲ. ಜಿಎಸ್‌ಟಿ ಇದೆ, ಓಣಿ ಚಿಕ್ಕದು, ಮನೆ ಮೇಲಿನ ಮಹಡಿಯಲ್ಲಿದೆ ಎಂಬುದೆಲ್ಲ ಅವರಿಗೆ ಮೊದಲೇ ಗೊತ್ತಿತ್ತು, ಅಥವಾ ಎರಡು ಪ್ರಶ್ನೆ ಕೇಳಿದ್ದರೆ ಗೊತ್ತಾಗುತ್ತಿತ್ತು. ಹೇಳುವ ಹೊತ್ತನ್ನು ಮಾತ್ರ ಅವರು ಆರಿಸಿಕೊಂಡರು. ಲಾರಿಯ ಬಾಗಿಲು ಮುಚ್ಚುವವರೆಗೆ ನಾವು ಗಿರಾಕಿಗಳು, ಮುಚ್ಚಿದ ಮೇಲೆ ನಮ್ಮ ಜುಟ್ಟು ಅವರ ಕೈಯಲ್ಲಿ. ಮನೆ ಸಾಗಿಸುವ ವ್ಯವಹಾರದ ಎಲ್ಲ ಮೋಸವೂ ಈ ಒಂದು ಗಳಿಗೆಯ ಮೇಲೆ ನಿಂತಿದೆ. ಹಾಗಾಗಿ ಎಚ್ಚರಿಕೆಯೂ ಆ ಗಳಿಗೆಗೆ ಮುಂಚೆಯೇ ಮುಗಿದಿರಬೇಕು.

ಹುಡುಕುವಾಗಲೇ ಮೊದಲ ಬಲೆ

ಇಂಟರ್‌ನೆಟ್ಟಿನಲ್ಲಿ ಹೆಸರಾಂತ ಕಂಪನಿಯ ಹೆಸರು ಹಾಕಿ ಹುಡುಕಿದರೆ ಮೇಲೆ ಕಾಣಿಸುವುದು ಆ ಕಂಪನಿಯೇ ಆಗಿರಬೇಕೆಂದಿಲ್ಲ. ಇದು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ‘ಅಗರ್ವಾಲ್ ಪ್ಯಾಕರ್ಸ್ ಅಂಡ್ ಮೂವರ್ಸ್’ ಹೆಸರಿನ ಹಕ್ಕುಳ್ಳ ಡಿಆರ್‌ಎಸ್ ಲಾಜಿಸ್ಟಿಕ್ಸ್, ತನ್ನ ಹೆಸರನ್ನು ಹುಡುಕಿದವರಿಗೆ ಬೇರೆಯವರ ಜಾಹೀರಾತು ತೋರಿಸಲಾಗುತ್ತಿದೆ ಎಂದು ಗೂಗಲ್ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಗಿತ್ತು. ಟ್ರೇಡ್‌ಮಾರ್ಕನ್ನು ಹುಡುಕಾಟದ ಪದವಾಗಿ ಬಳಸಿದ ಮಾತ್ರಕ್ಕೇ ಅದು ಉಲ್ಲಂಘನೆ ಆಗುವುದಿಲ್ಲ. ಆದರೆ ಜನರಿಗೆ ಗೊಂದಲವಾಗುವಂತಿದ್ದರೆ, ಜಾಹೀರಾತು ಮಾರುವ ಗೂಗಲ್ ತಾನು ಬರೀ ಮಧ್ಯವರ್ತಿ ಎಂದು ಕೈತೊಳೆದುಕೊಳ್ಳುವಂತಿಲ್ಲ ಎಂದು 2023ರ ಆಗಸ್ಟ್‌ನಲ್ಲಿ ವಿಭಾಗೀಯ ಪೀಠ ಹೇಳಿತು. ಇಷ್ಟು ದೊಡ್ಡ ಕಂಪನಿಯೇ ತನ್ನ ಹೆಸರು ಉಳಿಸಿಕೊಳ್ಳಲು ಕೋರ್ಟಿಗೆ ಹೋಗಬೇಕಾಯಿತು ಎಂದಮೇಲೆ, ಬೋರ್ಡಿನ ಮೇಲಿನ ಹೆಸರನ್ನು ನಂಬಿ ಸಾಮಾನು ಒಪ್ಪಿಸುವುದು ಹೇಗೆ?

ಹೆಸರಿನ ಬದಲು ನಂಬರು ಕೇಳಿ. 15 ಅಕ್ಷರಗಳ ಜಿಎಸ್‌ಟಿ ನಂಬರನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ನೋಂದಣಿ ಯಾರ ಹೆಸರಿನಲ್ಲಿದೆ, ಇನ್ನೂ ಚಾಲ್ತಿಯಲ್ಲಿದೆಯೇ ಎಂಬುದು ಕಾಣುತ್ತದೆ. ಮೊದಲ ಎರಡು ಅಂಕಿ ರಾಜ್ಯದ ಗುರುತು: ಕರ್ನಾಟಕಕ್ಕೆ 29, ತಮಿಳುನಾಡಿಗೆ 33. ಎರಡನೆಯದು, 2007ರ ರಸ್ತೆ ಸಾಗಣೆ ಕಾಯ್ದೆಯಡಿಯ ನೋಂದಣಿ. ಬಾಡಿಗೆಗೆ ಸರಕು ಸಾಗಿಸುವ ಸಂಸ್ಥೆ ಈ ಕಾಯ್ದೆಯಂತೆ ನೋಂದಾಯಿಸಿಕೊಂಡಿರಬೇಕು, ಸಾಮಾನು ಪಡೆದದ್ದಕ್ಕೆ ರಸೀದಿ ಕೊಡಬೇಕು. ಈ ಎರಡು ನಂಬರು ಕೇಳಿದ ಕೂಡಲೇ ಕೆಲವರು ಫೋನ್ ಇಟ್ಟುಬಿಡುತ್ತಾರೆ. ಒಳ್ಳೆಯದೇ ಆಯಿತು ಎಂದುಕೊಳ್ಳಿ.

ಕಡಿಮೆ ದರ ಬೇಡ, ಪೂರ್ತಿ ದರ ಬೇಕು

ನಾವು ಮೂರು ಕಡೆ ಕೊಟೇಶನ್ ಪಡೆದು ಎಲ್ಲಕ್ಕಿಂತ ಕಡಿಮೆ ಇರುವುದನ್ನು ಹಿಡಿಯುತ್ತೇವೆ. ತರಕಾರಿ ಕೊಳ್ಳುವಾಗ ಅದು ಸರಿ. ಇಲ್ಲಿ ಮೂರು ಕೊಟೇಶನ್ನುಗಳು ಒಂದೇ ಕೆಲಸದ ಮೂರು ಬೆಲೆಗಳಾಗಿರುವುದಿಲ್ಲ. ಎಲ್ಲವನ್ನೂ ಸೇರಿಸಿ 28,000 ಹೇಳಿದವನು ಪ್ರಾಮಾಣಿಕ ಆಗಿರಬಹುದು, 18,000 ಹೇಳಿದವನು ಉಳಿದದ್ದನ್ನು ಆಮೇಲೆ ಹೇಳುವವನಾಗಿರಬಹುದು. ನಾವು ಎರಡನೆಯವನನ್ನು ಆರಿಸುತ್ತಾ ಹೋದರೆ ಮೊದಲನೆಯವನೂ ನಾಳೆಯಿಂದ ಹಾಗೆಯೇ ಮಾಡುತ್ತಾನೆ. ಡೀಸೆಲ್, ಚಾಲಕನ ಭತ್ಯೆ, ಖಾಲಿ ವಾಪಸಾಗುವ ಲಾರಿ, ನಾಲ್ಕು ಜನರ ಕೂಲಿ ಇವೆಲ್ಲ ನಿಜವಾದ ಖರ್ಚುಗಳು. ಯಾರೂ ಅದನ್ನು ಪುಕ್ಕಟೆ ಮಾಡುವುದಿಲ್ಲ.

ಪೂರ್ತಿ ದರ ಬೇಕಾದರೆ ಮೊದಲು ಸಾಮಾನಿನ ಪಟ್ಟಿ ಬೇಕು. ಮನೆಗೆ ಬಂದು ಅಥವಾ ವಿಡಿಯೊ ಕರೆಯಲ್ಲಿ ಎಲ್ಲವನ್ನೂ ನೋಡಿದ ಮೇಲೆಯೇ ದರ ಹೇಳಲಿ. ಕೋಣೆಯೊಳಗಿನದು ಎಲ್ಲರಿಗೂ ನೆನಪಿರುತ್ತದೆ. ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆ, ಬಾಲ್ಕನಿಯ ಕುಂಡ, ವೆಟ್ ಗ್ರೈಂಡರ್, ಮಗುವಿನ ಸೈಕಲ್ ಮರೆತಿರುತ್ತವೆ. ‘ಪಟ್ಟಿಯಲ್ಲಿ ಇಲ್ಲದ್ದು’ ಎಂಬ ಮಾತು ಲೋಡಿಂಗ್ ದಿನ ಹುಟ್ಟುವುದೇ ಇವುಗಳಿಂದ.

ಆಮೇಲೆ ಲಾರಿ ನಮಗೊಬ್ಬರಿಗೇನೋ, ಇನ್ನೂ ಇಬ್ಬರ ಸಾಮಾನು ಸೇರುತ್ತದೆಯೋ ಎಂಬುದು ಬರಹದಲ್ಲಿರಲಿ. ಹಂಚಿಕೆಯ ಲಾರಿ ಅಗ್ಗ, ಆದರೆ ಸಾಮಾನು ಗೋಡೌನಿನಲ್ಲಿ ಇಳಿದು ಮತ್ತೆ ಏರುತ್ತದೆ, ಒಂದು ರಾತ್ರಿಯ ದಾರಿಗೆ ನಾಲ್ಕೈದು ದಿನ ಹಿಡಿಯುತ್ತದೆ. ಆ ನಾಲ್ಕು ದಿನದ ಹೋಟೆಲ್ ಖರ್ಚನ್ನೂ ಕೂಡಿಸಿ ನೋಡಿದರೆ ಅಗ್ಗದ್ದು ಅಗ್ಗವಾಗಿ ಉಳಿಯದು.

ಶೋಳಿಂಗನಲ್ಲೂರಿಗೆ ಬರುವವರು ಇನ್ನೊಂದು ವಿಷಯ ಗಮನಿಸಬೇಕು. ಮೆಟ್ರೊ ಎರಡನೇ ಹಂತದ ಎರಡು ಮಾರ್ಗಗಳು ಇಲ್ಲಿಗೆ ಸಂಬಂಧಪಟ್ಟಿದ್ದು, ಕಾಮಗಾರಿಯಿಂದ ಓಎಂಆರ್ ಅಲ್ಲಲ್ಲಿ ಕಿರಿದಾಗಿದೆ. ಒಳಗಿನ ಓಣಿಗಳಿಗೆ ದೊಡ್ಡ ಲಾರಿ ತಿರುಗುವುದಿಲ್ಲ. ಆಗ ಮುಖ್ಯರಸ್ತೆಯಿಂದ ಮನೆಗೆ ಟಾಟಾ ಏಸ್ ಬೇಕಾಗುತ್ತದೆ. ಇಲ್ಲಿನವರು ಅದನ್ನು ‘ಕುಟ್ಟಿ ಯಾನೈ’ ಅನ್ನುತ್ತಾರೆ, ಅಂದರೆ ಮರಿ ಆನೆ. ಈ ಮರಿ ಆನೆಯ ಬಾಡಿಗೆ ಯಾರದು ಎಂದು ಬೆಂಗಳೂರಿನಲ್ಲೇ ತೀರ್ಮಾನವಾಗಲಿ. ಹೊಸ ಮನೆಯ ಓಣಿಯ ಫೋಟೊ, ಗೇಟಿನ ಎತ್ತರ, ಲಿಫ್ಟ್ ಇದೆಯೇ, ಸಾಮಾನಿಗೆ ಅದನ್ನು ಬಳಸಲು ಬಿಡುತ್ತಾರೆಯೇ, ಭಾನುವಾರ ಸಾಮಾನು ಇಳಿಸಲು ಅನುಮತಿ ಇದೆಯೇ ಎಂಬುದನ್ನು ಮನೆ ಮಾಲೀಕರಿಂದಲೋ ಸೆಕ್ಯುರಿಟಿಯಿಂದಲೋ ಕೇಳಿ, ಕಂಪನಿಗೆ ವಾಟ್ಸಾಪ್ ಮಾಡಿ. ಆಮೇಲೆ ‘ನಮಗೆ ಗೊತ್ತಿರಲಿಲ್ಲ ಸಾರ್’ ಎನ್ನಲು ಅವರಿಗೆ ಜಾಗವಿರುವುದಿಲ್ಲ.

ಪ್ಯಾಕಿಂಗ್ ಸಾಮಗ್ರಿ, ಮಂಚ ಬಿಚ್ಚಿ ಜೋಡಿಸುವುದು, ಎಸಿ ಇಳಿಸಿ ಹಾಕುವುದು, ಬೈಕು, ಟೋಲ್, ಜಿಎಸ್‌ಟಿ ಇವು ಒಂದೊಂದೂ ‘ಸೇರಿದೆ’ ಅಥವಾ ‘ಸೇರಿಲ್ಲ’ ಎಂದು ಬರಬೇಕು. ‘ಚೆಕ್‌ಪೋಸ್ಟ್ ಚಾರ್ಜ್’, ‘ಎಂಟ್ರಿ ಟ್ಯಾಕ್ಸ್’ ಎಂದು ಯಾರಾದರೂ ಬರೆದರೆ ನಿಲ್ಲಿಸಿ ಕೇಳಿ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಪ್ರವೇಶ ತೆರಿಗೆ ಅದರಲ್ಲಿ ಸೇರಿಹೋಯಿತು. ಬಳಸಿದ ಗೃಹೋಪಯೋಗಿ ವಸ್ತುಗಳಿಗೆ ಇ-ವೇ ಬಿಲ್ ಕೂಡ ಕಡ್ಡಾಯವಿಲ್ಲ. ಇಲ್ಲದ ತೆರಿಗೆಯನ್ನು ನಮ್ಮಿಂದ ವಸೂಲಿ ಮಾಡುವವರು ಇನ್ನೂ ಇದ್ದಾರೆ.

ದಿನದ ಆಯ್ಕೆಯಿಂದಲೂ ಹಣ ಉಳಿಯುತ್ತದೆ. ತಿಂಗಳ ಕೊನೆ ಮತ್ತು ಒಂದನೇ ತಾರೀಖು ಎಲ್ಲರಿಗೂ ಲಾರಿ ಬೇಕು. ನಮ್ಮ ಆಷಾಢ, ಧನುರ್ಮಾಸದಂತೆ ತಮಿಳರು ಆಡಿ ಮತ್ತು ಮಾರ್ಗಳಿ ತಿಂಗಳುಗಳಲ್ಲಿ ಹೊಸ ಮನೆಗೆ ಹೋಗುವುದಿಲ್ಲ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಡಿಸೆಂಬರ್ ಮಧ್ಯದಿಂದ ಪೊಂಗಲ್‌ವರೆಗೆ ಚೌಕಾಸಿಗೆ ಜಾಗವಿರುತ್ತದೆ. ಹಾಲುಕ್ಕಿಸುವ ಶಾಸ್ತ್ರವನ್ನು ಮೊದಲೇ ಒಳ್ಳೆಯ ದಿನ ಮಾಡಿಟ್ಟು, ಸಾಮಾನನ್ನು ಆಮೇಲೆ ತರಿಸಿದವರೂ ಇದ್ದಾರೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರಿನ ಹೊತ್ತು. 2023ರ ಡಿಸೆಂಬರ್‌ನ ಮಿಚಾಂಗ್ ಚಂಡಮಾರುತದಲ್ಲಿ ಪಳ್ಳಿಕರಣೈ ಕಡೆ ನಿಂತ ನೀರನ್ನು ನೋಡಿದವರಾರೂ ಆ ತಿಂಗಳುಗಳಲ್ಲಿ ಟಾರ್ಪಾಲು ಹೊದಿಸಿದ ತೆರೆದ ಲಾರಿಯನ್ನು ಒಪ್ಪಲಾರರು. ಮುಚ್ಚಿದ ಕಂಟೇನರ್ ಕೇಳಿ, ಮಳೆಗೆ ಲಾರಿ ನಿಂತರೆ ಕಾಯುವ ಬಾಡಿಗೆ ಯಾರದು ಎಂದೂ ಕೇಳಿ.

ವಿಮೆಯ ಹೆಸರಿನಲ್ಲಿ

ಶೇ 3ರ ‘ವಿಮೆ’ ಎಂಬುದು ಬಹಳ ಸಲ ವಿಮೆಯೇ ಆಗಿರುವುದಿಲ್ಲ. ಪಾಲಿಸಿ ಕೊಡುವ ಅಧಿಕಾರ ಐಆರ್‌ಡಿಎಐ ನೋಂದಣಿ ಇರುವ ವಿಮಾ ಕಂಪನಿಗೆ ಮಾತ್ರ. ನಿಮ್ಮ ಹೆಸರು, ವಾಹನದ ವಿವರ, ಮೊತ್ತ ಇರುವ ಪಾಲಿಸಿ ಪತ್ರ ಲಾರಿ ಹೊರಡುವ ಮುನ್ನ ಕೈಗೆ ಬರದಿದ್ದರೆ, ಆ ಹಣ ಸಾಗಣೆದಾರರ ಜೇಬಿಗೆ ಹೋಯಿತೆಂದೇ ಅರ್ಥ.

ವಿಮೆ ಇಲ್ಲದಿದ್ದರೂ ಸಾಗಣೆದಾರರ ಹೊಣೆ ತಪ್ಪುವುದಿಲ್ಲ. ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ ಸಾಮಾನು ಕಳೆದರೆ, ಹಾಳಾದರೆ ಅವರ ನಿರ್ಲಕ್ಷ್ಯವನ್ನು ನಾವು ಸಾಬೀತು ಮಾಡಬೇಕಿಲ್ಲ. ಆದರೆ ಎರಡು ಮಿತಿಗಳಿವೆ. ಹೆಚ್ಚಿನ ಮೌಲ್ಯವನ್ನು ಮೊದಲೇ ಘೋಷಿಸದಿದ್ದರೆ ಪರಿಹಾರ ಬಾಡಿಗೆಯ ಹತ್ತು ಪಟ್ಟನ್ನು ಮೀರದು. ಮೊಕದ್ದಮೆ ಹೂಡುವ ಮುಂಚೆ, ಬುಕಿಂಗ್ ಆದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ರಸೀದಿಯ ಮೇಲೆ ‘ಮಾಲೀಕರ ಜವಾಬ್ದಾರಿಯಲ್ಲಿ’ ಎಂದು ಮುದ್ರಿಸಿದ್ದರೆ ಹೆದರಬೇಡಿ. ಆ ಮಾತು ನಿರ್ಲಕ್ಷ್ಯದ ಹೊಣೆಯಿಂದ ಸಾಗಣೆದಾರರನ್ನು ಬಿಡಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ ನಾಥ್ ಬ್ರದರ್ಸ್ ಪ್ರಕರಣದಲ್ಲಿ 2000ದಲ್ಲೇ ಹೇಳಿದೆ.

ಹಣ ಕೊಡುವ ಕ್ರಮ

‘ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ’ ಎಂಬ ಗಾದೆ ಅಡ್ವಾನ್ಸಿಗೇ ಹುಟ್ಟಿದಂತಿದೆ. ನಾನು ಪಾಲಿಸುವ ಕ್ರಮ ಇದು: ಬುಕಿಂಗ್‌ಗೆ ಶೇ 10, ಲೋಡ್ ಆಗಿ ರಸೀದಿ ಕೈಗೆ ಬಂದ ಮೇಲೆ ಅರ್ಧ, ಉಳಿದದ್ದು ಪಟ್ಟಿ ನೋಡಿ ಎಲ್ಲ ಇಳಿಸಿಕೊಂಡ ಮೇಲೆ. ಕಂಪನಿಯ ಖಾತೆಗೇ ಹಣ, ಚಾಲಕನ ಫೋನಿಗಲ್ಲ. ಕೆಲವರು ಪೂರ್ತಿ ಹಣ ಮೊದಲೇ ಕೇಳುತ್ತಾರೆ. ಒಪ್ಪದಿದ್ದರೆ ಬೇರೆಯವರು ಸಿಗುತ್ತಾರೆ, ಈ ದಾರಿಯಲ್ಲಿ ಸಾಗಣೆದಾರರಿಗೆ ಬರವಿಲ್ಲ.

ಒಪ್ಪಿದ ಬಾಡಿಗೆ ಕೇಳುವುದು ಅವರ ಹಕ್ಕು. ಒಪ್ಪದ ಹಣಕ್ಕಾಗಿ ಸಾಮಾನು ತಡೆಹಿಡಿಯುವುದು ಹಕ್ಕಲ್ಲ. ಹಾಗಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಮ್ಮಂಥ ಊರು ಬಿಟ್ಟವರಿಗೆ ಒಂದು ಒಳ್ಳೆಯ ಅನುಕೂಲ ಮಾಡಿಕೊಟ್ಟಿದೆ: ದೂರು ಕೊಡಲು ಕಂಪನಿ ಇರುವ ಊರಿಗೆ ಹೋಗಬೇಕಿಲ್ಲ, ನಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ಕೊಡಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಆದರೆ ಆಯೋಗದ ತೀರ್ಪು ಬರಲು ತಿಂಗಳುಗಳು ಬೇಕು, ಹಾಸಿಗೆ ಇವತ್ತು ರಾತ್ರಿಗೆ ಬೇಕು. ಕಾನೂನು ಗಟ್ಟಿಯಿದ್ದರೂ ಕಾಗದ ಗಟ್ಟಿ ಇಲ್ಲದಿದ್ದರೆ ನ್ಯಾಯ ಸಿಗುವುದು ಕಷ್ಟ.

ನಮ್ಮ ಪಾಲೂ ಇದೆ

ಕಹಿಯಾದ ಮಾತೊಂದನ್ನು ಹೇಳಲೇಬೇಕು. ಸ್ಥಳಾಂತರ ಭತ್ಯೆ ಕೊಡುವ ಕಂಪನಿಗಳಲ್ಲಿ ದುಡಿಯುವವರಿಗೆ ಸಾಗಣೆದಾರರು ಮೊದಲು ಕೇಳುವುದೇ ‘ಬಿಲ್ ಎಷ್ಟಕ್ಕೆ ಬೇಕು ಸಾರ್?’ ಎಂದು. ಇಪ್ಪತ್ತು ಸಾವಿರದ ಕೆಲಸಕ್ಕೆ ನಲವತ್ತರ ಬಿಲ್ ಪಡೆಯುವವರು ನಮ್ಮಲ್ಲಿ ಕಡಿಮೆ ಇಲ್ಲ. ಹಾಗೆ ಸುಳ್ಳು ಬಿಲ್ಲಿನಲ್ಲಿ ಪಾಲುದಾರರಾದವರು ನಾಳೆ ಟಿವಿ ಒಡೆದರೆ ಯಾವ ಕಾಗದ ಹಿಡಿದು ಆಯೋಗಕ್ಕೆ ಹೋಗುತ್ತಾರೆ? ಅದು ಸಾಗಣೆದಾರರಿಗೂ ಗೊತ್ತು. ನಮ್ಮ ಬಾಯಿ ಮುಚ್ಚಿಸಲು ಆ ಬಿಲ್ಲೇ ಸಾಕು.

ಭಾರ ಹೊರುವವರ ವಿಷಯವೂ ಇದೆ. ನಾಲ್ಕು ಮಹಡಿ ಹತ್ತಿ ಗೋದ್ರೆಜ್ ಬೀರು ಇಳಿಸಿದವರು ಟೀ ಕಾಸು ಕೇಳಿದರೆ ಅದನ್ನು ಕಂಪನಿಯ ಮೋಸದ ಜೊತೆ ಸೇರಿಸಬೇಡಿ. ಆ ಹೆಚ್ಚುವರಿ ಸಾವಿರಗಳಲ್ಲಿ ಅವರಿಗೆ ಸೇರುವುದು ಅಷ್ಟಕ್ಕಷ್ಟೇ. ಊಟಕ್ಕೆ, ಟೀಗೆ ಅವರ ಕೈಗೇ ಕೊಡಿ, ಕೆಲಸ ಮುಗಿದ ಮೇಲೆ, ಮನಸ್ಸಿನಿಂದ.

ಒಬ್ಬೊಬ್ಬರೇ ಹುಷಾರಾಗುವುದರಿಂದ ಈ ವ್ಯವಹಾರ ಸರಿಹೋಗದು. ದೇಶಕ್ಕೆಲ್ಲ ಒಂದೇ ನಮೂನೆಯ ಕೊಟೇಶನ್ ಪತ್ರವನ್ನು ಸರ್ಕಾರ ಕಡ್ಡಾಯ ಮಾಡಲಿ. ಅದರಲ್ಲಿ ಬರೆಯದ ಯಾವ ಖರ್ಚನ್ನೂ ಆಮೇಲೆ ಕೇಳುವಂತಿರಬಾರದು. ನೌಕರರನ್ನು ಊರಿಂದೂರಿಗೆ ಕಳಿಸುವ ಕಂಪನಿಗಳು ಬರೀ ಬಿಲ್ ಕೇಳುವ ಬದಲು ಪರಿಶೀಲಿಸಿದ ಸಾಗಣೆದಾರರ ಪಟ್ಟಿ ಕೊಡಲಿ. ಚೆನ್ನೈಯಲ್ಲಾಗಲಿ, ಪುಣೆ, ಹೈದರಾಬಾದಿನಲ್ಲಾಗಲಿ ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವದ ಆಹ್ವಾನದ ಜೊತೆಗೆ ಇದನ್ನೂ ಮಾಡಬಹುದು: ಯಾರು ಒಪ್ಪಿದ ದರಕ್ಕೇ ಸಾಮಾನು ತಲುಪಿಸಿದರು, ಯಾರು ಗೇಟಿನಲ್ಲಿ ನಿಲ್ಲಿಸಿದರು ಎಂಬುದನ್ನು ಸದಸ್ಯರಿಂದ ಕೇಳಿ ಬರೆದಿಡುವುದು. ಹೊಸ ಊರಿಗೆ ಬರುವವರಿಗೆ ಭಾಷೆ ಗೊತ್ತಿರುವುದಿಲ್ಲ, ದಾರಿ ಗೊತ್ತಿರುವುದಿಲ್ಲ. ಕೊಡಬೇಕಾದ ಹಣ ಎಷ್ಟು ಎಂಬುದಾದರೂ ಹೊರಡುವ ಮುನ್ನ ಗೊತ್ತಿರಲಿ.