ಅಲರ್ಜಿ ವರದಿ ಪಥ್ಯದ ಆದೇಶವಲ್ಲ

ಬೊಜ್ಜಿನ ವಿರುದ್ಧ ಕೇಂದ್ರ ಸರ್ಕಾರ ನಡೆಸುತ್ತಿರುವ ಅಭಿಯಾನದಲ್ಲಿ ಎಣ್ಣೆ ಮತ್ತು ಸಕ್ಕರೆಗಳೇ ಆರೋಪಿಗಳು. ಅಡುಗೆ ಎಣ್ಣೆಯ ಬಳಕೆಯನ್ನು ಶೇ 10ರಷ್ಟು ತಗ್ಗಿಸಬೇಕೆಂದು ಪ್ರಧಾನಿ 2025ರ ಫೆಬ್ರುವರಿಯ ‘ಮನ್ ಕಿ ಬಾತ್’ನಲ್ಲಿ ಕರೆ ನೀಡಿದರು, ಪೊಟ್ಟಣದ ಮುಂಬದಿಯಲ್ಲೇ ಸಕ್ಕರೆ, ಉಪ್ಪು, ಕೊಬ್ಬಿನ ಎಚ್ಚರಿಕೆ ಇರಬೇಕೆಂಬ ಅರ್ಜಿಯ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್ ಅದೇ ವರ್ಷದ ಏಪ್ರಿಲ್‌ನಲ್ಲಿ ತಜ್ಞರ ಸಮಿತಿಗೆ ಮೂರು ತಿಂಗಳ ಗಡುವು ವಿಧಿಸಿತು, ಪೊಟ್ಟಣಕ್ಕೆ ನಕ್ಷತ್ರಗಳ ಅಂಕ ಕೊಡುವುದು ಮೇಲೋ ಎಚ್ಚರಿಕೆಯ ಚಿಹ್ನೆ ಮೇಲೋ ಎಂಬ ವಾದ ಅಂದಿನಿಂದ ಅಂಕಣಗಳಲ್ಲಿ ನಿಂತಿಲ್ಲ. ಈ ಗದ್ದಲದ ನಡುವೆ ತೂಕ ಇಳಿಸಲು ಹೊರಟವರ ತಟ್ಟೆಯಿಂದ ಹಾಲು, ಗೋಧಿ, ಶೇಂಗಾ, ಮೊಟ್ಟೆಗಳು ಒಂದೊಂದಾಗಿ ಮಾಯವಾಗುತ್ತಿರುವುದು ಲೇಬಲ್ ಓದಿಯೂ ಅಲ್ಲ, ವೈದ್ಯರು ಹೇಳಿಯೂ ಅಲ್ಲ, ತೂಕ ಇಳಿಕೆಯ ಪ್ಯಾಕೇಜಿನೊಂದಿಗೆ ಮಾರಾಟವಾಗುವ ರಕ್ತಪರೀಕ್ಷೆಯ ವರದಿಯನ್ನು ನಂಬಿ ಎಂಬುದನ್ನು ಯಾರೂ ಗಮನಿಸಿದಂತಿಲ್ಲ. ಇಂಥ ವರದಿಯೊಂದನ್ನೇ ಆಧಾರವಾಗಿಟ್ಟುಕೊಂಡು ಯಾವ ಆಹಾರವನ್ನೂ ಬಿಡಿಸಕೂಡದು, ಹಾಗೆ ಬಿಡಿಸುವ ಜಾಹೀರಾತುಗಳಿಗೆ ಆಹಾರ ಮತ್ತು ಆರೋಗ್ಯ ಇಲಾಖೆಗಳು ಕಡಿವಾಣ ಹಾಕಬೇಕು ಎಂಬುದೇ ಈ ಲೇಖನದ ನಿಲುವು. ಅದಕ್ಕೆ ಬೇಕಾದ ಆಧಾರ ದೂರದಲ್ಲಿಲ್ಲ, ಬೆಂಗಳೂರು ಮತ್ತು ಮೈಸೂರಿನಲ್ಲಿಯೇ ಇದೆ.

ಐರೋಪ್ಯ ಒಕ್ಕೂಟದ ನೆರವಿನ ‘ಯೂರೋಪ್ರಿವಾಲ್’ ಯೋಜನೆಯ ಅಂಗವಾಗಿ ಕರ್ನಾಟಕದ 20ರಿಂದ 54 ವರ್ಷ ವಯಸ್ಸಿನವರಲ್ಲಿ ಆಹಾರ ಅಲರ್ಜಿಯ ಸಮೀಕ್ಷೆ ನಡೆದು, ಅದರ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಅದರಲ್ಲಿನ ಎರಡು ಅಂಕಿಗಳು ಪ್ರತಿ ಪಥ್ಯತಜ್ಞರ ಮೇಜಿನ ಮೇಲೆ ಇರಬೇಕಾಗಿತ್ತು. ವಯಸ್ಕರಲ್ಲಿ ಶೇ 26.5ರಷ್ಟು ಮಂದಿ ಕನಿಷ್ಠ ಒಂದು ಆಹಾರಕ್ಕೆ ಸಂವೇದಿತರಾಗಿದ್ದರು, ಅಂದರೆ ಅವರ ರಕ್ತದಲ್ಲಿ ಆ ಆಹಾರದ ವಿರುದ್ಧ ಐಜಿಇ ಎಂಬ ಪ್ರತಿಕಾಯ ಪತ್ತೆಯಾಗಿತ್ತು. ದೇಹ ಯಾವುದನ್ನು ಶತ್ರುವೆಂದು ಗುರುತಿಸುತ್ತದೆಯೋ ಅದರ ವಿರುದ್ಧ ರೋಗನಿರೋಧಕ ವ್ಯವಸ್ಥೆ ತಯಾರಿಸುವ ಪ್ರೋಟೀನನ್ನು ಪ್ರತಿಕಾಯ ಎನ್ನುತ್ತಾರೆ, ಅದರಲ್ಲಿ ತತ್‌ಕ್ಷಣದ ಅಲರ್ಜಿಗೆ ಸಂಬಂಧಿಸಿದ ಬಗೆ ಐಜಿಇ. ಆದರೆ ಆಹಾರ ತಿಂದಾಗ ಲಕ್ಷಣಗಳೂ ಕಂಡು, ಅದೇ ಆಹಾರಕ್ಕೆ ಪ್ರತಿಕಾಯವೂ ಇದ್ದು, ಅಲರ್ಜಿ ಇರುವ ಸಂಭವ ಇದೆ ಎನ್ನಬಹುದಾದವರು ಶೇ 1.2 ಮಾತ್ರ, ಅದರಲ್ಲಿಯೂ ಹಸುವಿನ ಹಾಲು ಮತ್ತು ಸೇಬಿನ ಪಾಲೇ ತಲಾ ಅರ್ಧ ಪ್ರತಿಶತ.

ಸಾವಿರ ವಯಸ್ಕರನ್ನು ಸಾಲಾಗಿ ನಿಲ್ಲಿಸಿ ಪರೀಕ್ಷಿಸಿದರೆ 265 ಮಂದಿಯ ವರದಿಯಲ್ಲಿ ಯಾವುದಾದರೊಂದು ಆಹಾರದ ಎದುರು ಕೆಂಪು ಗುರುತು ಬೀಳುತ್ತದೆ, ಅವರಲ್ಲಿ 253 ಮಂದಿಗೆ ಆ ಆಹಾರದಿಂದ ತೊಂದರೆಯಾದ ಲಕ್ಷಣವೇ ಕಂಡಿರುವುದಿಲ್ಲ ಎಂಬುದು ಇದರ ಅರ್ಥ. ಉಳಿದ 12 ಮಂದಿಯದೂ ಸಂಭವವೇ ಹೊರತು ಸಾಬೀತಲ್ಲ, ಏಕೆಂದರೆ ಅಲರ್ಜಿಯ ಅಂತಿಮ ನಿರ್ಣಯಕ್ಕೆ ವೈದ್ಯರ ಕಣ್ಣೆದುರು, ತುರ್ತು ಔಷಧಿಯನ್ನು ಪಕ್ಕದಲ್ಲಿಟ್ಟುಕೊಂಡು, ಶಂಕಿತ ಆಹಾರವನ್ನು ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ ತಿನ್ನಿಸಿ ನೋಡುವ ಪರೀಕ್ಷೆಯೇ ಬೇಕು. ಇದಕ್ಕೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಅಂಕಿಯನ್ನು ಜೋಡಿಸಬಹುದು. ರಾಜ್ಯದಲ್ಲಿ ಹೆಂಗಸರು ಮತ್ತು ಗಂಡಸರಲ್ಲಿ ಹೆಚ್ಚುಕಡಿಮೆ ಶೇ 30ರಷ್ಟು ಮಂದಿ ಅಧಿಕ ತೂಕದವರು ಅಥವಾ ಬೊಜ್ಜಿನವರು. ತೂಕಕ್ಕೂ ಅಲರ್ಜಿಗೂ ನಂಟಿಲ್ಲವೆಂದು ಭಾವಿಸಿದರೂ, ಸಾವಿರದಲ್ಲಿ ತೂಕ ಇಳಿಸಬೇಕಾದ ಆ 300 ಮಂದಿ ಪರೀಕ್ಷೆಗೆ ಹೋದರೆ ಸುಮಾರು 80 ಮಂದಿ ‘ಅಲರ್ಜಿ ಇದೆ’ ಎಂಬ ಚೀಟಿ ಹಿಡಿದು ಹೊರಬರುತ್ತಾರೆ; ಅದಕ್ಕೆ ಅರ್ಹರಾದವರು ಮೂವರೋ ನಾಲ್ವರೋ. ಹೊಸ ಔಷಧಿಯೊಂದು ಈ ಪ್ರಮಾಣದಲ್ಲಿ ಗುರಿ ತಪ್ಪಿದರೆ ಮಾರುಕಟ್ಟೆಗೆ ಬರಲು ಬಿಡುತ್ತಿದ್ದರೇ?

ಮೈಸೂರಿನಲ್ಲಿಯೇ ಇದಕ್ಕಿಂತ ಹಳೆಯ ನಿದರ್ಶನವೊಂದಿದೆ. ಬದನೆಕಾಯಿ ನಂಜು, ಗಾಯಕ್ಕೆ ಆಗದು, ತುರಿಕೆ ತರುತ್ತದೆ ಎಂಬ ಮಾತನ್ನು ಕೇಳದ ಕನ್ನಡ ಮನೆ ಇರಲಾರದು. 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಮೈಸೂರು ಭಾಗದ 741 ಜನರಲ್ಲಿ ಈ ನಂಬಿಕೆಯನ್ನು ಚರ್ಮ ಚುಚ್ಚಿ ನೋಡುವ ಪರೀಕ್ಷೆಗೆ ಒಡ್ಡಿದಾಗ ಸುಮಾರು ಶೇ 9ರಷ್ಟು ಮಂದಿಯ ಚರ್ಮ ಪ್ರತಿಕ್ರಿಯಿಸಿತು. ರೋಗಿಯ ಅನುಭವ, ಚರ್ಮಪರೀಕ್ಷೆ, ರಕ್ತದ ಐಜಿಇ ಮೂರನ್ನೂ ಒಟ್ಟಿಗೆ ಹಿಡಿದು ನೋಡಿದಾಗ ನಿಜವಾದ ಅಲರ್ಜಿಯ ಪ್ರಮಾಣ ಶೇ 1ಕ್ಕಿಂತ ಕೆಳಗಿಳಿಯಿತು. ಎರಡು ಅಧ್ಯಯನಗಳು ಬೇರೆ, ಆಹಾರ ಬೇರೆ, ಆದರೂ ಅಂತರದ ಸ್ವರೂಪ ಒಂದೇ. ಅಜ್ಜಿಯ ‘ನಂಜು’ ಎಂಬ ಮಾತನ್ನು ಮೂಢನಂಬಿಕೆ ಎಂದು ನಗುವ ನಗರವಾಸಿ, ಅದೇ ಮಾತನ್ನು ಬಣ್ಣದ ಪಟ್ಟಿಯಲ್ಲಿ ಮುದ್ರಿಸಿ ಕೊಟ್ಟರೆ ಸಾವಿರಾರು ರೂಪಾಯಿ ತೆತ್ತು ಪಾಲಿಸುವುದು ವಿಚಿತ್ರ.

ಐಜಿಇ ಪರೀಕ್ಷೆಗೆ ಕನಿಷ್ಠ ವೈಜ್ಞಾನಿಕ ನೆಲೆಯಾದರೂ ಇದೆ, ನುರಿತ ವೈದ್ಯರ ಕೈಯಲ್ಲಿ ಅದು ಉಪಯುಕ್ತ ಸುಳಿವು. ‘ಆಹಾರ ಅಸಹಿಷ್ಣುತೆ ಪರೀಕ್ಷೆ’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿರುವ ಐಜಿಜಿ ಪರೀಕ್ಷೆಗೆ ಅಷ್ಟೂ ಇಲ್ಲ. ಐಜಿಜಿ ಇನ್ನೊಂದು ಬಗೆಯ ಪ್ರತಿಕಾಯವಾಗಿದ್ದು, ಆಹಾರವನ್ನು ತಿಂದಿದ್ದರ ಗುರುತಾಗಿ, ಹಲವು ವೇಳೆ ದೇಹ ಅದನ್ನು ಒಪ್ಪಿಕೊಂಡಿದ್ದರ ಗುರುತಾಗಿಯೇ ರಕ್ತದಲ್ಲಿ ಇರುತ್ತದೆ; ಇದನ್ನು ರೋಗನಿರ್ಣಯಕ್ಕೆ ಬಳಸಬಾರದೆಂದು ಯುರೋಪಿನ ಅಲರ್ಜಿ ತಜ್ಞರ ಅಕಾಡೆಮಿ 2008ರಲ್ಲಿಯೂ ಕೆನಡಾದ ತಜ್ಞರ ಸಂಘ 2012ರಲ್ಲಿಯೂ ಸ್ಪಷ್ಟವಾಗಿ ಹೇಳಿವೆ. ದಿನವೂ ಅನ್ನ, ಹಾಲು, ತೊಗರಿಬೇಳೆ ತಿನ್ನುವವರ ವರದಿಯಲ್ಲಿ ಅವೇ ಮೇಲಿನ ಸಾಲಿಗೆ ಬಂದು ಕೂರುವ ಸಾಧ್ಯತೆ ಹೆಚ್ಚೆಂದ ಮೇಲೆ, ಪರೀಕ್ಷೆ ಅಳೆಯುತ್ತಿರುವುದು ರೋಗವನ್ನಲ್ಲ, ಊಟದ ರೂಢಿಯನ್ನು. ಇಷ್ಟು ವರ್ಷಗಳ ನಂತರವೂ ಇದನ್ನು ಮತ್ತೆ ಬರೆಯಬೇಕಾಗಿ ಬಂದಿರುವುದೇ ಬೇಸರದ ಸಂಗತಿ.

ಇದಕ್ಕೆ ಬರುವ ಉತ್ತರ ಗೊತ್ತಿರುವುದೇ: ಹಾಲು, ಗೋಧಿ, ಸಿಹಿ ಬಿಟ್ಟವರ ತೂಕ ಇಳಿದಿದೆಯಲ್ಲ, ನಷ್ಟವೇನು? ತೂಕ ಇಳಿದದ್ದು ನಿಜ. ಬೇಕರಿ ತಿನಿಸು, ಬಿಸ್ಕತ್ತು, ಮಿಠಾಯಿ, ದಿನಕ್ಕೆ ನಾಲ್ಕು ಲೋಟ ಸಕ್ಕರೆ ಹಾಕಿದ ಕಾಫಿ ಇವೆಲ್ಲ ‘ಗೋಧಿ ಮತ್ತು ಹಾಲು’ ಎಂಬ ಹೆಸರಿನಲ್ಲಿ ಒಟ್ಟಿಗೆ ಹೊರಟುಹೋದರೆ ಕ್ಯಾಲೊರಿ ತಗ್ಗಲೇಬೇಕು. ಅದರ ಕೀರ್ತಿ ಮಾತ್ರ ಪರೀಕ್ಷೆಗೆ ಸಲ್ಲುತ್ತದೆ. ನಷ್ಟದ ಲೆಕ್ಕ ಬೇರೆ ಕಡೆ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾರ್ಗಸೂಚಿ ದಿನಕ್ಕೆ 300 ಮಿಲಿಲೀಟರ್ ಹಾಲು ಅಥವಾ ಮೊಸರನ್ನು ಸೂಚಿಸುತ್ತದೆ. ಹಸುವಿನ ಹಾಲಾದರೆ ಅದರಲ್ಲಿ ಹತ್ತಿರ ಹತ್ತಿರ 10 ಗ್ರಾಂ ಪ್ರೋಟೀನ್, 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದು, ಸಿಗುವ ಶಕ್ತಿ ಸುಮಾರು 220 ಕಿಲೋಕ್ಯಾಲೊರಿ. 60 ಕಿಲೋ ತೂಕದ ವಯಸ್ಕರಿಗೆ, ಕಿಲೋಗೆ 0.83 ಗ್ರಾಂ ಎಂಬ ಶಿಫಾರಸಿನಂತೆ, ದಿನಕ್ಕೆ ಬೇಕಾದ ಪ್ರೋಟೀನ್ 50 ಗ್ರಾಂ. ಹಾಲು ಹೊರಟರೆ ಅದರ ಐದನೆಯ ಒಂದು ಭಾಗ ಹೊರಡುತ್ತದೆ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುವುದರಿಂದ ಆ ಹೊತ್ತಿನಲ್ಲಿ ಪ್ರೋಟೀನ್ ಕಡಿಮೆಯಾಗುವುದು ಎರಡು ಪಟ್ಟು ದುಬಾರಿ, ಮತ್ತು ಹಸಿವನ್ನೇ ಅಡಗಿಸುವ ಹೊಸ ಚುಚ್ಚುಮದ್ದುಗಳನ್ನು ತೆಗೆದುಕೊಳ್ಳುತ್ತಿರುವವರಲ್ಲಿ ಇನ್ನೂ ದುಬಾರಿ, ಏಕೆಂದರೆ ಅವರು ತಿನ್ನುವ ತುತ್ತುಗಳೇ ಕೆಲವು.

ರಾಗಿ ಇದೆಯಲ್ಲ ಎನ್ನುವವರು ಕೂಡ ಲೆಕ್ಕ ಪೂರ್ತಿ ಮಾಡುವುದಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಹಾಲಿನ ಪಾಲಿಗೆ ಸರಿಸಮ. ಆದರೆ ಅದರೊಂದಿಗೆ 320 ಕಿಲೋಕ್ಯಾಲೊರಿ ಬರುತ್ತದೆ, ಪ್ರೋಟೀನ್ ಸುಮಾರು 7 ಗ್ರಾಂ ಮಾತ್ರ, ಮತ್ತು ಖನಿಜಗಳನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಎಂಬ ಅಂಶದಿಂದಾಗಿ ಆ ಕ್ಯಾಲ್ಸಿಯಂ ಹಾಲಿನದರಷ್ಟು ಸಲೀಸಾಗಿ ಮೈಗೆ ಹತ್ತುವುದಿಲ್ಲ. ಹಾಲಿನ ಅಲರ್ಜಿ ನಿಜವಾಗಿ ಇದ್ದವರಿಗೆ ಮುದ್ದೆಯ ಜೊತೆ ಹುರುಳಿ ಸಾರು, ಅಲಸಂದೆ, ಸೊಪ್ಪು, ಮಾಂಸಾಹಾರಿಗಳಾದರೆ ಮೀನು ಸೇರಿಸಿ, ಅನ್ನವನ್ನು ಅಷ್ಟಕ್ಕೆ ಸರಿಯಾಗಿ ಕಡಿಮೆ ಮಾಡಿ ಈ ಲೆಕ್ಕವನ್ನು ಸರಿದೂಗಿಸುವುದು ಸಾಧ್ಯವಿದೆ, ಅದಕ್ಕೆ ಪಥ್ಯತಜ್ಞರ ನಿಜವಾದ ಪರಿಶ್ರಮ ಬೇಕು. ಆ ಪರಿಶ್ರಮ ಮೇಲೆ ಹೇಳಿದ ಮುನ್ನೂರು ಮಂದಿಯಲ್ಲಿ ಅವಶ್ಯವಿರುವ ನಾಲ್ವರಿಗೆ ಸಲ್ಲುವ ಬದಲು, ಅವಶ್ಯವಿಲ್ಲದ ಎಪ್ಪತ್ತಾರು ಮಂದಿಗೆ ಬಾದಾಮಿ ಪಾನೀಯದ ಡಬ್ಬ ಸೂಚಿಸುವುದರಲ್ಲಿ ಮುಗಿಯುತ್ತಿದೆ. ಬಾದಾಮಿ ಪಾನೀಯದಲ್ಲಿ ಲೋಟಕ್ಕೆ ಒಂದು ಗ್ರಾಂ ಆಸುಪಾಸಿನ ಪ್ರೋಟೀನ್ ಇರುತ್ತದೆ.

ಹಾಲಿನ ವಿಷಯದಲ್ಲಿ ಇನ್ನೊಂದು ಗೊಂದಲವಿದೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ವಯಸ್ಸಾದಂತೆ ಕುಗ್ಗುವುದರಿಂದ ದಕ್ಷಿಣ ಭಾರತದ ಬಹುಪಾಲು ವಯಸ್ಕರಿಗೆ ಹೆಚ್ಚು ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಬಹುದು; ಅದು ಅಲರ್ಜಿಯಲ್ಲ, ಅದಕ್ಕೆ ಮೊಸರು, ಮಜ್ಜಿಗೆಯನ್ನು ಬಿಡಬೇಕಾದದ್ದೂ ಇಲ್ಲ. ಹಾಲಿನ ಪ್ರೋಟೀನಿಗೆ ಅಲರ್ಜಿ ಇರುವವರಿಗಾದರೆ ಮಜ್ಜಿಗೆಯೂ ಅಪಾಯ, ತೂಕ ಇಳಿಸುವವರಿಗೆ ಮಾರುವ ವೇ ಪ್ರೋಟೀನ್ ಪುಡಿಯೂ ಅಪಾಯ.

ಗ್ಲುಟೆನ್ ಕುರಿತ ಭೀತಿ ಇನ್ನೂ ಬುಡವಿಲ್ಲದ್ದು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಕರುಳು ಹಾಳಾಗುವ ಸೀಲಿಯಾಕ್ ಕಾಯಿಲೆಯನ್ನು ದೇಶದ ಮೂರು ಭಾಗಗಳಲ್ಲಿ 23 ಸಾವಿರಕ್ಕೂ ಹೆಚ್ಚು ವಯಸ್ಕರಲ್ಲಿ ಹುಡುಕಿದ 2016ರ ಅಧ್ಯಯನದಲ್ಲಿ, ಉತ್ತರದಲ್ಲಿ ಸಾವಿರಕ್ಕೆ 8.53, ದಕ್ಷಿಣದಲ್ಲಿ ಸಾವಿರಕ್ಕೆ 0.11 ಪ್ರಮಾಣ ಕಂಡುಬಂದಿತು. ರೋಗಕ್ಕೆ ಎಡೆಮಾಡುವ ವಂಶವಾಹಿ ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿದ್ದರೂ, ದಿನದ ಗೋಧಿ ಸೇವನೆ ಅಲ್ಲಿ 455 ಗ್ರಾಂ, ಇಲ್ಲಿ 25 ಗ್ರಾಂ. ಹತ್ತು ಸಾವಿರದಲ್ಲಿ ಒಬ್ಬರಿಗೆ ಇರುವ ಕಾಯಿಲೆಗಾಗಿ ಬೆಂಗಳೂರಿನ ಅಂಗಡಿಗಳ ಕಪಾಟು ತುಂಬಿರುವ ‘ಗ್ಲುಟೆನ್ ಇಲ್ಲದ’ ಬಿಸ್ಕತ್ತುಗಳಲ್ಲಿ ಹಲವು ಪಿಷ್ಟ, ಸಕ್ಕರೆ, ಕೊಬ್ಬಿನಿಂದಲೇ ರುಚಿ ಪಡೆದವು. ತೂಕ ಇಳಿಸಲು ಅವನ್ನು ಕೊಳ್ಳುವವರು ಯಾರ ಲಾಭಕ್ಕೆ ಕೊಳ್ಳುತ್ತಿದ್ದಾರೆಂದು ಹೇಳಬೇಕಾಗಿಲ್ಲ.

‘ಬಿಟ್ಟರೆ ತಪ್ಪೇನು’ ಎಂಬ ನೀತಿ ಒಮ್ಮೆ ಸರ್ಕಾರಿ ಮಟ್ಟಕ್ಕೇ ಏರಿ ಬಿದ್ದ ಪೂರ್ವನಿದರ್ಶನವೂ ಇದೆ, ಅದನ್ನು ಇಲ್ಲಿ ಯಾರೂ ನೆನೆಯುವುದಿಲ್ಲ. ಬ್ರಿಟನ್ನಿನ ಸರ್ಕಾರ 1998ರಲ್ಲಿ, ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2000ದಲ್ಲಿ, ಅಲರ್ಜಿಯ ಅಪಾಯ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಶೇಂಗಾ ಕೊಡಬೇಡಿ ಎಂದು ಸಲಹೆ ನೀಡಿದವು. ಅಕಾಡೆಮಿ ಅದನ್ನು 2008ರಲ್ಲಿ ಕೈಬಿಟ್ಟಿತು. 2015ರಲ್ಲಿ ಲಂಡನ್ನಿನ ‘ಲೀಪ್’ ಪ್ರಯೋಗ 640 ಕೂಸುಗಳನ್ನು ಐದು ವರ್ಷ ತುಂಬುವವರೆಗೆ ಗಮನಿಸಿ, ಶೇಂಗಾ ತಿಂದವರಲ್ಲಿ ಶೇ 3.2ರಷ್ಟು, ದೂರವಿಟ್ಟವರಲ್ಲಿ ಶೇ 17.2ರಷ್ಟು ಮಂದಿಗೆ ಅಲರ್ಜಿ ಬಂದದ್ದನ್ನು ತೋರಿಸಿತು. ಮುನ್ನೆಚ್ಚರಿಕೆಯೇ ರೋಗವನ್ನು ಬೆಳೆಸಿತ್ತು. ಕೂಸಿನ ನಿಯಮ ನಲವತ್ತರ ವಯಸ್ಕರಿಗೆ ಹಾಗೆಯೇ ಅನ್ವಯಿಸದು ಎಂಬ ಆಕ್ಷೇಪ ಸರಿ; ಆದರೆ ನಮ್ಮ ಮನೆಗಳಲ್ಲಿ ಅಡುಗೆ ಒಬ್ಬೊಬ್ಬರಿಗೆ ಬೇರೆ ಆಗುವುದಿಲ್ಲ, ತಾಯಿಯ ಪಥ್ಯ ಮಗುವಿನ ಪಥ್ಯವೂ ಆಗುತ್ತದೆ.

ಸುಳ್ಳು ಅಲರ್ಜಿಯ ಈ ಸಂತೆಯಲ್ಲಿ ಸೊರಗುವವರು ನಿಜವಾದ ಅಲರ್ಜಿ ಇರುವವರು. ನಮ್ಮ ದೇಶದ 2020ರ ಲೇಬಲ್ ನಿಯಮಗಳಲ್ಲಿ ಘೋಷಿಸಲೇಬೇಕಾದ ಅಲರ್ಜಿಕಾರಕಗಳ ಪಟ್ಟಿಯಲ್ಲಿ ಗ್ಲುಟೆನ್ ಧಾನ್ಯ, ಸೀಗಡಿ ಜಾತಿ, ಹಾಲು, ಮೊಟ್ಟೆ, ಮೀನು, ಶೇಂಗಾ ಮತ್ತು ಮರಬೀಜಗಳು, ಸೋಯಾ, ಸಲ್ಫೈಟ್ ಇವೆ. ಎಳ್ಳು ಇಲ್ಲ, ಸಾಸಿವೆ ಇಲ್ಲ. ಐರೋಪ್ಯ ಒಕ್ಕೂಟದ ಹದಿನಾಲ್ಕರ ಪಟ್ಟಿಯಲ್ಲಿ ಎರಡೂ ಇವೆ. ಪುಳಿಯೋಗರೆ ಪುಡಿ, ಚಟ್ನಿಪುಡಿ, ಸಜ್ಜೆ ರೊಟ್ಟಿಗಳ ನಾಡಿನಲ್ಲಿ ಎಳ್ಳನ್ನು ಎಚ್ಚರಿಕೆಯ ಸಾಲಿನಲ್ಲಿ ಬರೆಯಬೇಕಾಗಿಲ್ಲ ಎಂಬುದು ಯಾವ ನ್ಯಾಯ? ನಕ್ಷತ್ರದ ಅಂಕಪದ್ಧತಿಯೂ ಇವರ ನೆರವಿಗೆ ಬಾರದು, ಆ ಪದ್ಧತಿಯ 2022ರ ಕರಡಿನಲ್ಲಿ ಬೀಜಗಳಿಗೆ ಮತ್ತು ಕಾಳುಗಳಿಗೆ ಹೆಚ್ಚಿನ ಅಂಕವಿದ್ದುದರಿಂದ ಶೇಂಗಾ ಅಲರ್ಜಿ ಇದ್ದವರ ಪಾಲಿಗೆ ಅಪಾಯದ ಪೊಟ್ಟಣಕ್ಕೇ ಒಂದು ನಕ್ಷತ್ರ ಹೆಚ್ಚು ಬೀಳಬಹುದಿತ್ತು.

ಎಳ್ಳನ್ನು ಪಟ್ಟಿಗೆ ಸೇರಿಸಿದರೆ ಸಾಕೆಂದೂ ಅಲ್ಲ. ಅಮೆರಿಕದಲ್ಲಿ 2023ರ ಜನವರಿಯಿಂದ ಎಳ್ಳಿನ ಘೋಷಣೆ ಕಡ್ಡಾಯವಾದಾಗ, ಯಂತ್ರಗಳನ್ನು ಎಳ್ಳಿನ ಸೋಂಕಿಲ್ಲದಂತೆ ತೊಳೆಯುವ ಖರ್ಚಿಗಿಂತ ಬ್ರೆಡ್ಡಿಗೆ ಬೇಕೆಂದೇ ಸ್ವಲ್ಪ ಎಳ್ಳು ಬೆರೆಸಿ ಲೇಬಲ್‌ನಲ್ಲಿ ಬರೆದುಬಿಡುವುದೇ ಅಗ್ಗವೆಂದು ಕೆಲವು ತಯಾರಕರು ಅದನ್ನೇ ಮಾಡಿದರು. ಆದ್ದರಿಂದ ಪಟ್ಟಿಯ ಜೊತೆಗೆ ತಯಾರಿಕೆಯ ಶುಚಿತ್ವದ ನಿಯಮವೂ ಬರಬೇಕು. ಹೋಟೆಲುಗಳ ಮೆನುವಿನಲ್ಲಿ ಕ್ಯಾಲೊರಿ ಮತ್ತು ಅಲರ್ಜಿಯ ಮಾಹಿತಿ ಕೊಡುವ ಹೊಣೆ ಸದ್ಯ ಕೇಂದ್ರ ಪರವಾನಗಿ ಇರುವ ಅಥವಾ ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಡೆ ಮಳಿಗೆ ಇರುವ ಸಂಸ್ಥೆಗಳಿಗೆ ಮಾತ್ರ ಇದೆ. ರಾಜ್ಯದ ಬಹುಪಾಲು ದರ್ಶಿನಿಗಳು, ಖಾನಾವಳಿಗಳು ಈ ಲೆಕ್ಕಕ್ಕೇ ಬರುವುದಿಲ್ಲ. ಅವುಗಳಿಂದ ಕ್ಯಾಲೊರಿಯ ಲೆಕ್ಕ ಕೇಳುವುದು ಅತಿಯಾದೀತು. ಚಟ್ನಿಗೆ ಶೇಂಗಾ ಬಿದ್ದಿದೆಯೇ, ಸಾಂಬಾರಿನ ಇಂಗಿನಲ್ಲಿ ಮೈದಾ ಬೆರೆತಿದೆಯೇ ಎಂಬುದನ್ನು ಕರಿಹಲಗೆಯ ಮೇಲೆ ದಿನದ ತಿಂಡಿಯ ಪಕ್ಕದಲ್ಲೇ ಸೀಮೆಸುಣ್ಣದಲ್ಲಿ ಬರೆಯಲು ಹೇಳುವುದಕ್ಕೆ ಯಾವ ತಜ್ಞರ ಸಮಿತಿಯ ವರದಿಗೂ ಕಾಯಬೇಕಾಗಿಲ್ಲ.