ಹತ್ತಿ ಕಟ್ಟಿಗೆಗೆ ಕಡ್ಡಿ ಗೀರಬೇಡಿ

ರಾಯಚೂರು, ಯಾದಗಿರಿ, ಕಲಬುರಗಿ ಸೀಮೆಯ ರೈತ ಬಾಂಧವರೇ,

ಹತ್ತಿ ಬಿಡಿಸಿ, ತೊಗರಿ ರಾಶಿ ಮಾಡಿ ಮುಗಿಸಿದ ಮೇಲೆ ಹೊಲದಲ್ಲಿ ಉಳಿಯುವುದು ಕಟ್ಟಿಗೆ. ಬದುವಿಗೆ ಎಳೆದು ಬೆಂಕಿ ಹಚ್ಚುತ್ತೇವೆ. ಸಂಜೆಯಾದರೆ ಊರಿಗೆ ಊರೇ ಹೊಗೆ. ದಮ್ಮಿನವರ, ಹಸುಗೂಸುಗಳ ಪಾಡು ಹೇಳತೀರದು.

ಸುಡುವುದಕ್ಕೂ ಕಾರಣವಿದೆ. ಗುಲಾಬಿ ಕಾಯಿಕೊರಕದ ಹುಳು ಕಟ್ಟಿಗೆಗೆ ಅಂಟಿದ ಒಣ ಕಾಯಿಯಲ್ಲಿ ಅಡಗಿದ್ದು ಮುಂದಿನ ಬೆಳೆಗೆ ಬೀಳುತ್ತದೆ. ಹೊಲ ಖಾಲಿ ಮಾಡಲೇಬೇಕು, ಒಪ್ಪಿದೆವು. ಆದರೆ ಅದಕ್ಕೆ ಬೆಂಕಿಯೇ ಆಗಬೇಕೆಂದಿಲ್ಲ. ಕಟ್ಟಿಗೆಯನ್ನು ತಡಮಾಡದೆ ಪುಡಿ ಮಾಡಿಸಿ ಬ್ರಿಕೆಟ್ ಘಟಕಕ್ಕೆ ಕಳಿಸಿದರೆ ಹುಳುವೂ ಸಾಯುತ್ತದೆ, ಕೈಗೆ ನಾಲ್ಕು ಕಾಸೂ ಬರುತ್ತದೆ.

ಬ್ರಿಕೆಟ್ ಎಂದರೆ ಒತ್ತಿ ಗಟ್ಟಿ ಮಾಡಿದ ಉರುವಲು. ಪುಡಿಯನ್ನು ತೇವ ನೂರಕ್ಕೆ ಹತ್ತರಷ್ಟಕ್ಕೆ ಇಳಿಯುವವರೆಗೆ ಒಣಗಿಸಿ ಯಂತ್ರಕ್ಕೆ ಸುರಿಯುತ್ತಾರೆ. ಒಳಗೆ ಉಕ್ಕಿನ ದಿಂಡು ಅದನ್ನು ಕಿರಿದಾಗುವ ಕೊಳವೆಗೆ ಬಡಿದು ತೂರಿಸುತ್ತದೆ. ಆ ಒತ್ತಡಕ್ಕೆ ಹುಟ್ಟುವ ಕಾವಿನಲ್ಲಿ ಕಟ್ಟಿಗೆಯಲ್ಲೇ ಇರುವ ಲಿಗ್ನಿನ್ ಮೆತ್ತಗಾಗಿ ಪುಡಿಯನ್ನು ಹಿಡಿದುಕೊಳ್ಳುತ್ತದೆ. ಅಂಟು ಬೇಡ, ರಾಸಾಯನಿಕ ಬೇಡ. ಮುಂಗೈ ದಪ್ಪದ ಕಂದು ದಿಮ್ಮಿ ಹಬೆಯಾಡುತ್ತ ಹೊರಬರುತ್ತದೆ. ನೀರೊಂದು ತಾಗಬಾರದು, ತಾಗಿದರೆ ಉಬ್ಬಿ ಮತ್ತೆ ಪುಡಿಯೇ.

ಕಿಲೋಗೆ ಸುಮಾರು 3,500ರಿಂದ 4,000 ಕಿಲೋಕ್ಯಾಲರಿ ಕಾವು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 30ರಿಂದ 40 ಭಾಗ ಬೂದಿಯೇ. ಹತ್ತಿ, ತೊಗರಿ ಕಟ್ಟಿಗೆಯ ಬೂದಿ ಅದರ ಕಾಲು ಭಾಗವೂ ಇಲ್ಲ. ಬಾಯ್ಲರ್ ಇಟ್ಟ ಕಾರ್ಖಾನೆಗಳಿಗೆ, ಇಟ್ಟಿಗೆ ಭಟ್ಟಿಗಳಿಗೆ, ದೊಡ್ಡ ಅಡುಗೆಮನೆಗಳಿಗೆ ಇದು ಬೇಕು. ಶೇಂಗಾ ಸಿಪ್ಪೆ, ಕಾಫಿ ಸಿಪ್ಪೆ, ಮರದ ಹೊಟ್ಟು ಎಂದೋ ಈ ದಾರಿ ಹಿಡಿದಿವೆ. ಮನೆಗೆ ಮಾತ್ರ ಗ್ಯಾಸೇ ಇರಲಿ. ಬ್ರಿಕೆಟ್ಟಾಗಲಿ ಇದ್ದಿಲಾಗಲಿ, ಬಾಗಿಲು ಹಾಕಿದ ಕೋಣೆಯಲ್ಲಿ ಉರಿಸಿದರೆ ಕಣ್ಣಿಗೆ ಕಾಣದ, ವಾಸನೆಯಿಲ್ಲದ ವಿಷಗಾಳಿ ಮಲಗಿದವರ ಜೀವ ತೆಗೆಯುತ್ತದೆ.

ಉದುರಿದ ಎಲೆಯನ್ನೂ ಮಾರಲು ಹೋಗಬೇಡಿ. ಅದು ಮಣ್ಣಿನ ಪಾಲು.

ತೊಡಕಿರುವುದು ಸಾಗಣೆಯಲ್ಲಿ. ಇಡೀ ಕಟ್ಟಿಗೆ ಹೇರಿದರೆ ಟ್ರಾಲಿ ತುಂಬುತ್ತದೆ, ತೂಕ ಬರುವುದಿಲ್ಲ. ಬಂದ ಹಣ ಬಾಡಿಗೆಗೇ ಹೋಗುತ್ತದೆ. ಹಾಗಾಗಿ ಪುಡಿ ಮಾಡುವ ಯಂತ್ರ ಹೊಲಕ್ಕೇ ಬರಬೇಕು. ಬರುವ ಗ್ರಾಮಸಭೆಯಲ್ಲಿ ಎರಡು ಬೇಡಿಕೆ ಠರಾವಿಗೆ ಬರೆಸಿ: ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಕಟ್ಟಿಗೆ ಪುಡಿ ಮಾಡುವ ಯಂತ್ರ ಬಾಡಿಗೆಗೆ ಸಿಗಬೇಕು, ಬ್ರಿಕೆಟ್ ಘಟಕ ಹಾಕಲು ಮುಂದೆ ಬರುವ ರೈತ ಉತ್ಪಾದಕ ಕಂಪನಿಗೆ ಜಾಗ ಮತ್ತು ತ್ರೀ ಫೇಸ್ ವಿದ್ಯುತ್ ಕೊಡಬೇಕು. ಯಂತ್ರ ಬರುವವರೆಗೆ ಕಟ್ಟಿಗೆಯ ಬಣವೆ ಹೊಲದಿಂದ ದೂರವಿರಲಿ.